ಔಷಧ ಕರಗಿಸಲು ಸರಿಯಾದ ದ್ರಾವಕ ಆರಿಸುವುದು ಹೇಗೆ?

ದ್ರಾವಕ ಹುಡುಕುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಎಷ್ಟು ಔಷಧ, ಎಷ್ಟು ಎಂಎಲ್‌ನಲ್ಲಿ ಕರಗಬೇಕು? ಪ್ಯಾರಾಸಿಟಮಾಲ್ ಅನ್ನೇ ತಗೊಳ್ಳಿ. ಮಕ್ಕಳ ಸಿರಪ್‌ನ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರಬೇಕು ಅನ್ನೋಣ. ಕೋಣೆಯ ತಾಪಮಾನದಲ್ಲಿ 1 ಎಂಎಲ್ ನೀರಿನಲ್ಲಿ ಕರಗುವುದು ಸುಮಾರು 14 ಮಿಲಿಗ್ರಾಂ ಮಾತ್ರ. 5 ಎಂಎಲ್‌ಗೆ 70 ಆಯಿತು. ಉಳಿದ 50 ಮಿಲಿಗ್ರಾಂ ಪುಡಿಯಾಗಿ ತಳದಲ್ಲೇ ಕೂರುತ್ತದೆ. ನುಣ್ಣಗೆ ಅರೆದರೆ ಬೇಗ ಕರಗುತ್ತದೆ ನಿಜ, ಜಾಸ್ತಿ ಕರಗುವುದಿಲ್ಲ. ಬಿಸಿ ಮಾಡಿದರೆ ಕರಗುತ್ತದೆ, ಆರಿದ ಮೇಲೆ ಹರಳು ಕಟ್ಟುತ್ತದೆ.

ಆದರೂ ಶುರು ಮಾಡಬೇಕಾದದ್ದು ನೀರಿನಿಂದಲೇ. ಅದಕ್ಕಿಂತ ನಿರಪಾಯದ ದ್ರಾವಕ ಇನ್ನೊಂದಿಲ್ಲ. ನೀರು ಸಾಲದಿದ್ದರೆ, ಔಷಧದ ಲವಣ (ಆಮ್ಲ ಅಥವಾ ಕ್ಷಾರದ ಜೊತೆ ಸೇರಿಸಿ ಮಾಡಿದ ರೂಪ) ಸಿಗುತ್ತದಾ ನೋಡಿ. ನೋವು ನಿವಾರಕ ಡೈಕ್ಲೋಫೆನಾಕ್‌ನ ಆಮ್ಲ ರೂಪ ನೀರಿಗೆ ಜಗ್ಗುವುದೇ ಇಲ್ಲ. ಅದರ ಸೋಡಿಯಂ ಲವಣ ಎಷ್ಟೋ ಚೆನ್ನಾಗಿ ಕರಗುತ್ತದೆ. ಪ್ಯಾರಾಸಿಟಮಾಲ್‌ಗೆ ಈ ದಾರಿ ಇಲ್ಲ. ಅದರ ಕರಗುವಿಕೆ ಏರಬೇಕಾದರೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 9.5ರ ಆಸುಪಾಸಿಗೆ ಹೋಗಬೇಕು. ಅಷ್ಟು ಕ್ಷಾರದಲ್ಲಿ ಔಷಧವೇ ಬೇಗ ಒಡೆದು ಹಾಳಾಗುತ್ತದೆ.

ಆಗ ನೀರಿನ ಜೊತೆ ಬೆರೆತು ಹೆಚ್ಚು ಔಷಧ ಕರಗಿಸುವ ಸಹದ್ರಾವಕ ಬೇಕು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪಿಇಜಿ 400 (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರವ), ಆಲ್ಕೋಹಾಲ್ ಸಾಮಾನ್ಯವಾಗಿ ಬಳಸುವಂಥವು. ನೀರಿಗೆ ಸ್ವಲ್ಪವೂ ಒಗ್ಗದ ಔಷಧವನ್ನು ಚುಚ್ಚುಮದ್ದಿಗಾಗಿ ಎಳ್ಳೆಣ್ಣೆಯಲ್ಲಿ ಕರಗಿಸುವುದೂ ಉಂಟು.

ಇಲ್ಲಿ ಆತುರ ಬೇಡವೇ ಬೇಡ. ದ್ರಾವಕವೂ ಔಷಧದ ಜೊತೆಗೇ ಹೊಟ್ಟೆಗೆ ಹೋಗುತ್ತದೆ, ಅಲ್ವಾ? 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಸೋಂಕು ನಿವಾರಕ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ಔಷಧ ಚೆನ್ನಾಗಿಯೇ ಕರಗಿತ್ತು. ಆದರೆ ಆ ದ್ರಾವಕ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಹಾಗಾಗಿ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬಂದಾಗ, ಅವುಗಳಲ್ಲಿ ಈ ವಿಷ ಬೆರೆತಿಲ್ಲ ಎಂದು ಪರೀಕ್ಷಿಸಿಯೇ ಬಳಸಬೇಕು. ಮಕ್ಕಳ ಔಷಧದಲ್ಲಿ ಆಲ್ಕೋಹಾಲ್ ಆದಷ್ಟು ತಪ್ಪಿಸಿ. ನವಜಾತ ಶಿಶುಗಳ ದೇಹ ಪ್ರೊಪಿಲೀನ್ ಗ್ಲೈಕಾಲ್ ಅನ್ನು ಹೊರಹಾಕುವುದು ನಿಧಾನ, ಅದರ ಮಿತಿಯನ್ನೂ ನೋಡಿಕೊಳ್ಳಿ.

ಇನ್ನು ಲ್ಯಾಬ್‌ನಲ್ಲಿ ಕಲಸುವ ಕ್ರಮ. ಔಷಧವನ್ನು ಮೊದಲು ಸಹದ್ರಾವಕದಲ್ಲಿ ಪೂರ್ತಿ ಕರಗಿಸಿ. ಆಮೇಲೆ ಕಲಕುತ್ತಾ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ. ಮಂದವಾದ ಸಕ್ಕರೆ ಪಾಕ ನಂತರ. ಮೊದಲೇ ಹಾಕಿದರೆ ಕರಗುವುದು ನಿಧಾನವಾಗುತ್ತದೆ. 100 ಎಂಎಲ್ ಬೇಕೆಂದು ಸುಮ್ನೆ 100 ಎಂಎಲ್ ನೀರು ಸುರಿಯಬಾರದು. ಎಲ್ಲ ಸೇರಿ ತಣ್ಣಗಾದ ಮೇಲೆ, ಅಳತೆ ಪಾತ್ರೆಯ 100ರ ಗೆರೆವರೆಗೆ ನೀರು ತುಂಬಿಸಿ.

ಕೊನೆಗೆ ಕೆಲವು ಬಾಟಲಿಗಳನ್ನು ಫ್ರಿಜ್‌ನಲ್ಲಿಟ್ಟು ಕೆಲವು ವಾರ ಗಮನಿಸಿ. ತಳದಲ್ಲಿ ಹರಳು ಕಂಡರೆ ದ್ರಾವಕದ ಪ್ರಮಾಣ ಬದಲಿಸಿ ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಮೇಲಿನ ಚಮಚಗಳಲ್ಲಿ ಔಷಧ ಕಮ್ಮಿ, ತಳದ ಚಮಚದಲ್ಲಿ ಜಾಸ್ತಿ ಹೋಗುತ್ತದೆ.