ಬೆಳಿಗ್ಗೆ ಎಂಜಿನ್ ಕಟಕಟ ಅಂದರೆ: ಟೈಮಿಂಗ್ ಚೈನ್ ಗೈಡ್ ಬದಲಿಸುವುದು ಹೇಗೆ?

ರಾತ್ರಿಯಿಡೀ ನಿಂತ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಪುಲ್ಲಿ ಇರುವ ಬದಿಯಿಂದ ಎರಡು ಮೂರು ಸೆಕೆಂಡು ಕಟಕಟ ಸದ್ದು ಬಂದು, ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಇದನ್ನು ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದು ಅಂದುಕೊಂಡು ಸುಮ್ಮನಿರುವವರೇ ಜಾಸ್ತಿ. ಆದರೆ ಆಯಿಲ್ ಪ್ರೆಶರ್ ಏರಿದ ಮೇಲೆ ನಿಲ್ಲುವ ಸದ್ದು ಅಂದರೆ ಮೊದಲು ನೋಡಬೇಕಾದ್ದು ಟೈಮಿಂಗ್ ಚೈನ್, ಅದರ ಟೆನ್ಷನರ್ ಮತ್ತು ಗೈಡ್‌ಗಳನ್ನು.

ಮೊದಲು ನಿಮ್ಮ ಎಂಜಿನ್‌ಗೆ ಚೈನ್ ಇದೆಯೋ ಬೆಲ್ಟ್ ಇದೆಯೋ ಖಚಿತ ಮಾಡಿಕೊಳ್ಳಿ. ಮಾರುತಿ 800, ಎಸ್ಟೀಮ್, ಜಿಪ್ಸಿಗಳ ಎಂಜಿನ್‌ನಲ್ಲಿ ಇರುವುದು ಬೆಲ್ಟ್. ಎಸ್‌ಎಕ್ಸ್4, ಆಮೇಲೆ ಬಂದ ಕೆ-ಸೀರೀಸ್ ಎಂಜಿನ್, ಹ್ಯುಂಡೈನ 1.2 ಕಪ್ಪಾ, ಇವೆಲ್ಲ ಚೈನ್‌ನವು.

ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್ ಕ್ರ್ಯಾಂಕ್, ವಾಲ್ವ್‌ಗಳನ್ನು ತೆರೆಯುವ ಶಾಫ್ಟ್ ಕ್ಯಾಮ್. ಚೈನ್ ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟನ್ನು ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಚೈನ್ ಒಂದು ಬದಿಯಲ್ಲಿ ಬಿಗಿಯಾಗಿರುತ್ತದೆ, ಅಲ್ಲಿ ಕದಲದ ಒಂದು ಗೈಡ್ ಇರುತ್ತದೆ. ಇನ್ನೊಂದು ಬದಿ ಸಡಿಲ, ಅಲ್ಲಿ ಅಲುಗಾಡುವ ಗೈಡ್. ಅದನ್ನು ಆಯಿಲ್ ಪ್ರೆಶರ್‌ನಿಂದ ಟೆನ್ಷನರ್ ಒತ್ತಿ ಹಿಡಿಯುತ್ತದೆ. ಎರಡರ ಮೈಗೂ ನೈಲಾನ್ ತರಹದ ಪ್ಲಾಸ್ಟಿಕ್. ಅದು ಸವೆದರೆ ಚೈನ್ ಜೋಲುತ್ತದೆ, ಮುರಿದರೆ ಚೂರುಗಳು ಚೇಂಬರಿಗೆ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಬಿದ್ದು ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಚೈನ್ ಹಲ್ಲು ಹಾರಿತೋ, ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ವಾಲ್ವೇ ಬಾಗುತ್ತದೆ. ಕೆಲವು ಗೈಡ್‌ಗಳ ಖರ್ಚಿನಲ್ಲಿ ಮುಗಿಯುವ ಕೆಲಸ ಹೆಡ್ ಇಳಿಸುವವರೆಗೆ ಹೋಗಬಾರದು ಅಲ್ವಾ?

ನಮ್ಮ ಕಡೆ ಗೈಡ್ ಬೇಗ ಹಾಳಾಗುವುದಕ್ಕೆ ಕಾರಣವೂ ಇದೆ. ಶಿರಸಿ, ಸಿದ್ದಾಪುರದ ಮಳೆಗಾಲದಲ್ಲಿ ತೋಟದ ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಹೋಗಿ ಬರುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಆಯಿಲ್‌ಗೆ ಸೇರಿದ ನೀರಿನಂಶ, ಪೆಟ್ರೋಲ್ ಅಂಶ ಆರಿಹೋಗದೆ ಅಲ್ಲೇ ಉಳಿದು ಅದು ಕೆಸರಾಗುತ್ತದೆ. ಅದೇ ಕಾರು ಒಂದು ದಿನ ತುಂಬಾ ಜನ ಹೇರಿಕೊಂಡು ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಎರಡನೇ ಗೇರಿನಲ್ಲಿ ಹತ್ತುತ್ತದೆ. ಕೆಟ್ಟ ಆಯಿಲ್, ಮೇಲಿಂದ ಇಷ್ಟು ಬಿಸಿ. ಕಿಲೋಮೀಟರ್ ಕಡಿಮೆ ಓಡಿದೆ ಅಂತ ಎರಡು ಮೂರು ವರ್ಷ ಆಯಿಲ್ ಬದಲಿಸದೆ ಬಿಡುವುದು ದೊಡ್ಡ ತಪ್ಪು.

ಸಾಮಾನು ತರಿಸುವಾಗ ಗೈಡ್ ಮಾತ್ರ ಕೇಳಬೇಡಿ. ಚೈನ್, ಟೆನ್ಷನರ್, ಎರಡೂ ಗೈಡ್, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಲಿಕ್ವಿಡ್ ಗ್ಯಾಸ್ಕೆಟ್, ಫಿಲ್ಟರ್, ಆಯಿಲ್ ಎಲ್ಲ ಒಟ್ಟಿಗೆ ಬರಲಿ. ಹಿಗ್ಗಿದ ಹಳೆಯ ಚೈನನ್ನು ಹೊಸ ಗೈಡ್ ಮೇಲೆ ಓಡಿಸಿದರೆ ಇಷ್ಟೆಲ್ಲ ಬಿಚ್ಚಿದ್ದೂ ವ್ಯರ್ಥ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಕೂಡ ಪಕ್ಕದಲ್ಲಿರಲಿ, ಗುರುತುಗಳೂ ಬೋಲ್ಟಿನ ಬಿಗಿತವೂ ಒಂದೊಂದು ಎಂಜಿನ್‌ಗೆ ಒಂದೊಂದು ತರಹ.

ಬಿಚ್ಚುವುದು

ಎಂಜಿನ್ ತಣ್ಣಗಿರಬೇಕು. ಬ್ಯಾಟರಿಯ ಮೈನಸ್ ತೆಗೆಯಿರಿ, ಆಯಿಲ್ ಇಳಿಸಿ. ಇಳಿದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಕಂದು ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕರೆ ಚೇಂಬರ್ ಬಿಚ್ಚಿ ಜಾಲರಿ ತೊಳೆಯಲೇಬೇಕು. ಫ್ಯಾನ್ ಬೆಲ್ಟ್, ಕಾಯಿಲ್, ಟ್ಯಾಪೆಟ್ ಕವರ್ ತೆಗೆಯಿರಿ. ಚೇಂಬರಿನ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಟ್ಟು, ಎಂಜಿನ್ ಭಾರ ಅದರ ಮೇಲೆ ಬಂದ ನಂತರವೇ ಪುಲ್ಲಿ ಬದಿಯ ಮೌಂಟಿಂಗ್ ಬಿಚ್ಚಿ. ಚೇಂಬರನ್ನೇ ಇಳಿಸುವುದಿದ್ದರೆ ಎಂಜಿನ್ನನ್ನು ಮೇಲಿನಿಂದ ಹಿಡಿದಿಡಬೇಕು. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಈ ಮೌಂಟಿಂಗ್ ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಜೋರು ಮಾಡಿದರೆ ತಲೆ ಮುರಿಯುತ್ತದೆ.

ಈಗ 1ನೇ ಸಿಲಿಂಡರಿನ ಪಿಸ್ಟನ್ ಮೇಲಕ್ಕೆ ಬಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತುಗಳು ಕೂಡುವಂತೆ ಮಾಡಿ. ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸಬೇಕು, ಹಿಂದಕ್ಕೆ ಬೇಡ. ಪುಲ್ಲಿ ಬೋಲ್ಟ್ ಬಿಚ್ಚಲು ಪುಲ್ಲಿ ಹಿಡಿಯುವ ಟೂಲನ್ನೇ ಬಳಸಿ. ಪಾನಾ ಸಿಕ್ಕಿಸಿ ಸ್ಟಾರ್ಟರ್ ಹೊಡೆಯುವ ಕ್ರಮ ಕೆಲವು ಕಡೆ ಇದೆ, ದಯವಿಟ್ಟು ಅದು ಬೇಡ. ಕೈಯೂ ಹೋಗಬಹುದು.

ಮುಂದಿನ ಟೈಮಿಂಗ್ ಕವರ್ ಕಳಚಿದ ಮೇಲೆ, ಏನನ್ನೂ ಮುಟ್ಟುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಟೆನ್ಷನರ್ ಒಳಕ್ಕೆ ಒತ್ತಿ, ಅದರ ತೂತಿಗೆ ಪಿನ್ ಹಾಕಿ ಬಿಚ್ಚಿ. ನಂತರ ಅಲುಗಾಡುವ ಗೈಡ್, ಚೈನ್, ಕೊನೆಗೆ ಕದಲದ ಗೈಡ್. ಚೈನ್ ತೆಗೆದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ತಿರುಗಿಸಬೇಡಿ.

ಹಳೆಯ ಗೈಡನ್ನು ಬೆಳಕಿಗೆ ಹಿಡಿದು ನೋಡಿ. ಚೈನ್ ಉಜ್ಜಿದಲ್ಲಿ ಎರಡು ಸಾಲು ಗೆರೆ ಬಿದ್ದಿರುತ್ತದೆ. ಉಗುರು ಎಳೆದರೆ ಆಳವಾಗಿ ಸಿಕ್ಕಿಕೊಳ್ಳುತ್ತದಾ? ಅಂಚು ಕಂದಾಗಿ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದಾ? ಹಾಗಿದ್ದರೆ ನೀವು ಸರಿಯಾದ ಸಮಯಕ್ಕೇ ಬಿಚ್ಚಿದ್ದೀರಿ. ಸ್ಪ್ರಾಕೆಟ್‌ಗಳ, ಅಂದರೆ ಚೈನ್ ಕೂರುವ ಚಕ್ರಗಳ, ಹಲ್ಲುಗಳ ತುದಿ ಚೂಪಾಗಿ ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಬದಲಿಸಿ.

ಜೋಡಿಸುವುದು

ಮೊದಲು ಕದಲದ ಗೈಡ್. ಹೊಸ ಚೈನ್‌ನಲ್ಲಿ ಬಣ್ಣ ಹಚ್ಚಿದ ಕೊಂಡಿಗಳಿರುತ್ತವೆ, ಅವನ್ನು ಸ್ಪ್ರಾಕೆಟ್ ಗುರುತುಗಳಿಗೆ ಸರಿಯಾಗಿ ಕೂರಿಸಿ, ಕದಲದ ಗೈಡ್ ಬದಿಯಲ್ಲಿ ಚೈನ್ ಬಿಗಿಯಾಗಿರಲಿ. ಅಲುಗಾಡುವ ಗೈಡ್, ಟೆನ್ಷನರ್ ಹಾಕಿ, ಬೋಲ್ಟ್ ಬಿಗಿದು, ಆಮೇಲೆ ಪಿನ್ ಎಳೆಯಿರಿ.

ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದು: ಪಾನಾದಿಂದ ಕ್ರ್ಯಾಂಕನ್ನು ಕೈಯಲ್ಲೇ ಪೂರಾ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ವಾಲ್ವ್ ತಾಗುತ್ತಿರಬಹುದು. ಎರಡು ಸುತ್ತಿನ ನಂತರ ಸ್ಪ್ರಾಕೆಟ್ ಗುರುತುಗಳು ಮತ್ತೆ ಕೂಡಬೇಕು. ಬಣ್ಣದ ಕೊಂಡಿಗಳು ಮಾತ್ರ ಕೂಡುವುದಿಲ್ಲ, ಅವು ಬೇರೆಲ್ಲೋ ಹೋಗಿರುತ್ತವೆ. ಅದನ್ನು ನೋಡಿ ಹೆದರಿ ಮತ್ತೆ ಬಿಚ್ಚಬೇಡಿ. ಕೊಂಡಿಗಳು ಕೂರಿಸುವಾಗ ಮಾತ್ರ ಬೇಕು.

ಕವರ್ ಕೂರುವ ಜಾಗ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಕೆರೆಪಟ್ಟಿಯಿಂದಲೇ ಕೆರೆಯಿರಿ. ಎಣ್ಣೆಯ ಪಸೆ ಪೂರಾ ಒರೆಸಿ, ಲಿಕ್ವಿಡ್ ಗ್ಯಾಸ್ಕೆಟ್ ತೆಳುವಾಗಿ ಒಂದೇ ಎಳೆಯಲ್ಲಿ ಹಚ್ಚಿ, ಕವರ್ ಕೂರಿಸಿ ಬಿಗಿದು, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಜಾಸ್ತಿ ಮೆತ್ತಿದರೆ ಹೆಚ್ಚಾದದ್ದು ಒಳಗೆ ಕಿತ್ತುಬಂದು ಅದೂ ಜಾಲರಿಗೇ ಹೋಗುತ್ತದೆ. ಪುಲ್ಲಿ ಬೋಲ್ಟ್ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ, ಉಳಿದದ್ದೆಲ್ಲ ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ.

ಹೊಸ ಆಯಿಲ್ ಹಾಕಿ. ಇಂಜೆಕ್ಟರ್ ಫ್ಯೂಸ್ ತೆಗೆದು ಕೆಲವು ಸೆಕೆಂಡು ಸ್ಟಾರ್ಟರ್ ತಿರುಗಿಸಿದರೆ ಟೆನ್ಷನರಿಗೆ ಆಯಿಲ್ ತುಂಬುತ್ತದೆ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಮೊದಲ ಸಲ ಕ್ಷಣ ಹೊತ್ತು ಸದ್ದು ಬಂದರೂ ಬರಬಹುದು. ಆಯಿಲ್ ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡಿ. ಪ್ಲಾಸ್ಟಿಕ್ ಚೂರು ಸಿಕ್ಕಿದ್ದ ಎಂಜಿನ್ ಆದರೆ ಸುಮಾರು 1,000 ಕಿಲೋಮೀಟರಿಗೇ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗೆ ಏನಿದೆ ನೋಡಿ.