ಟಾರ್ ಆರ್‌ಎನ್‌ಎ ಸ್ಕ್ರೀನಿಂಗ್‌ನಲ್ಲಿ ಸುಳ್ಳು ಹಿಟ್‌ಗಳನ್ನು ನಿವಾರಿಸಿದ ಕ್ರಮ

ಎಚ್‌ಐವಿ-1ರ ಟಾರ್ ಆರ್‌ಎನ್‌ಎಗೆ (ವೈರಸ್‌ನ ಟ್ಯಾಟ್ ಪ್ರೋಟೀನ್ ಬಂದು ಅಂಟುವ ಆರ್‌ಎನ್‌ಎ ಭಾಗ) ಅಂಟುವ ಅಣುಗಳನ್ನು, ಫ್ಲೋರೆಸೆಂಟ್ ಬಣ್ಣ ಕಟ್ಟಿದ ಟ್ಯಾಟ್ ಪೆಪ್ಟೈಡನ್ನು (ಆ ಪ್ರೋಟೀನ್‌ನ ಚಿಕ್ಕ ತುಣುಕು) ಸ್ಥಳಾಂತರಿಸುವ ವಿಧಾನದಿಂದ ಹುಡುಕುವಾಗ, ಧನಾವೇಶವುಳ್ಳ ಬಹುತೇಕ ಎಲ್ಲ ಸಂಯುಕ್ತಗಳೂ ಹಿಟ್ (ಟಾರ್‌ಗೆ ಅಂಟುವ ಅಣು) ಎಂದೇ ಕಾಣಿಸುತ್ತಿದ್ದವು. ಒಂದೇ ಮಾದರಿಯ ಎರಡು ವೆಲ್‌ಗಳ (ಪ್ಲೇಟ್‌ನ ಕುಳಿಗಳ) ಅಂಕಿಗಳೂ ತಾಳೆಯಾಗುತ್ತಿರಲಿಲ್ಲ. ಹೊಸ ಆರ್‌ಎನ್‌ಎ ತರಿಸಿದ್ದು, ಪೆಪ್ಟೈಡ್ ಪ್ರಮಾಣ ಬದಲಿಸಿದ್ದು, ಬೆಳಕು ಅಳೆಯುವ ರೀಡರ್‌ನ ಗೇನ್ (ಸಂಕೇತದ ವರ್ಧನೆ) ಹೊಂದಿಸಿದ್ದು ಯಾವುದೂ ಫಲ ಕೊಡಲಿಲ್ಲ.

ಪರಿಹಾರವಿದ್ದದ್ದು ತಯಾರಿಯ ಕ್ರಮದಲ್ಲಿ. ಮೆಗ್ನೀಸಿಯಂ ಇಲ್ಲದ, ಲವಣ ಕಡಿಮೆಯಿರುವ ಬಫರ್‌ನಲ್ಲಿ ಆರ್‌ಎನ್‌ಎಯನ್ನು 1 ಮೈಕ್ರೋಮೋಲಾರ್‌ಗೆ ಇಳಿಸಿ, 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ ಕಾಯಿಸಿ, ಆ ಕ್ಷಣವೇ ಮಂಜುಗಡ್ಡೆಯ ಮೇಲಿಡಬೇಕು. ನಿಧಾನವಾಗಿ ತಣಿಸಿದರೆ ಒಂದೇ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಗುವ ಬದಲು ಎರಡು ಎಳೆಗಳು ಪರಸ್ಪರ ಜೋಡಿಯಾಗುವ ಸಂಭವ ಹೆಚ್ಚು. ಅನಂತರವೇ ಟ್ರಿಸ್ 50 ಮಿಲಿಮೋಲಾರ್, ಪಿಎಚ್ 7.4, ಪೊಟ್ಯಾಸಿಯಂ ಕ್ಲೋರೈಡ್ 50 ಮಿಲಿಮೋಲಾರ್, ಟ್ರೈಟಾನ್ ಎಕ್ಸ್-100 (ಒಂದು ಡಿಟರ್ಜೆಂಟ್) ಶೇ. 0.01 ಇರುವಂತೆ ಬಫರ್ ಸೇರಿಸಬೇಕು. ಈ ಟ್ರೈಟಾನ್ ಅಲ್ಪವೆನಿಸಿದರೂ ಬಿಡುವಂತಿಲ್ಲ: ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟುವುದನ್ನೂ ಸಂಯುಕ್ತಗಳು ಗುಂಪುಗಟ್ಟುವುದನ್ನೂ ಅದು ತಡೆಯುತ್ತದೆ.

ಬಳಿಕ ಹಿಟ್‌ಗಳನ್ನು ಟಾರ್‌ಗಿಂತ 100 ಪಟ್ಟು ಹೆಚ್ಚು ಟಿಆರ್‌ಎನ್‌ಎ (ಜೀವಕೋಶದ ಇನ್ನೊಂದು ಬಗೆಯ ಆರ್‌ಎನ್‌ಎ) ಬೆರೆಸಿದ ಎರಡನೆಯ ಪ್ಲೇಟ್‌ನಲ್ಲಿ ಮರುಪರೀಕ್ಷಿಸಿದಾಗ, ಕೇವಲ ಆವೇಶದ ಬಲದಿಂದ ಅಂಟಿದ್ದವು ಉದುರಿದವು. ಟ್ಯಾಟ್ ಪೆಪ್ಟೈಡ್ ಕೂಡ ಟಿಆರ್‌ಎನ್‌ಎಗೆ ಸ್ವಲ್ಪ ಅಂಟುವುದರಿಂದ, ಸಂಯುಕ್ತವಿಲ್ಲದ ಕಂಟ್ರೋಲ್ ವೆಲ್‌ಗಳಿಗೂ ಅಷ್ಟೇ ಟಿಆರ್‌ಎನ್‌ಎ ಹಾಕಬೇಕು.