ಡ್ರೈ ಫುಡ್ಡೋ, ಗ್ರೇವಿ ಪೌಚೋ? ನಾಯಿಗೆ ಆಹಾರ ಆರಿಸುವ ಬಗೆ

ಕುವೆಂಪುನಗರ, ಗೋಕುಲಂ, ವಿಜಯನಗರ, ಮೈಸೂರಿನ ಯಾವ ಬಡಾವಣೆಗೆ ಹೋದರೂ ಈಗ ಪೆಟ್ ಶಾಪ್ ಸಿಗುತ್ತದೆ. ಒಳಗೆ ಗೋಡೆಯ ಉದ್ದಕ್ಕೂ ಡ್ರೈ ಫುಡ್, ಅಂದರೆ ಒಣ ಕಾಳಿನಂಥ ಆಹಾರದ ಚೀಲಗಳು, ಕೌಂಟರ್ ಹತ್ತಿರ ಗ್ರೇವಿ ಪೌಚುಗಳು. ಹೊಸದಾಗಿ ನಾಯಿ ಸಾಕಿದವರು ಕೇಳುವುದು ಒಂದೇ ಮಾತು: "ಎರಡರಲ್ಲಿ ಯಾವುದು ಒಳ್ಳೇದು?" ಅಂಗಡಿಯವರೂ ಏನು ಹೇಳಿಯಾರು, ಪಾಪ. ಎರಡೂ ಒಳ್ಳೆಯದೇ, ಎರಡರಲ್ಲೂ ಕಳಪೆಯದೂ ಇದೆ. ಆದರೆ ನಾಯಿಯ ತೂಕ, ವಯಸ್ಸು, ಆರೋಗ್ಯ ಮತ್ತು ನಿಮ್ಮ ಜೇಬು, ಇವಿಷ್ಟನ್ನು ಮುಂದಿಟ್ಟುಕೊಂಡರೆ ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬರಬಹುದು. ಒಂದು ಫೋನು, ಅದರಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಸಾಕು.

1. ಪ್ಯಾಕೆಟ್ಟಿನ ಹಿಂಬದಿ ಓದಿ

ಮುಂಬದಿಯಲ್ಲಿ ಕೋಳಿ ತುಂಡು, ಕ್ಯಾರೆಟ್ಟಿನ ಚಿತ್ರ ಇರುತ್ತದೆ. ಅದನ್ನು ಬಿಡಿ. ಹಿಂದೆ ತಿರುಗಿಸಿ ಒಂದು ಮಾತು ಹುಡುಕಿ: ‘ಕಂಪ್ಲೀಟ್’ ಅಂತ ಇದೆಯೋ, ‘ಕಾಂಪ್ಲಿಮೆಂಟರಿ’ ಅಂತ ಇದೆಯೋ. ಮೊದಲನೆಯದಾದರೆ ಆ ಆಹಾರವೊಂದನ್ನೇ ಕೊಟ್ಟರೂ ನಾಯಿಗೆ ಬೇಕಾದ್ದೆಲ್ಲ ಸಿಗಬೇಕು. ಎರಡನೆಯದಾದರೆ ಅದು ಬರೀ ನೆಂಚಿಕೊಳ್ಳಲು. ಗ್ರೇವಿ ಪೌಚುಗಳಲ್ಲಿ ಈ ಎರಡೂ ಬಗೆ ಇವೆ, ನೋಡಲು ಒಂದೇ ಥರ ಇರುತ್ತವೆ. ನೆಂಚಿಕೊಳ್ಳುವ ಪೌಚನ್ನೇ ದಿನವೂ ಊಟವಾಗಿ ಕೊಟ್ಟರೆ ನಾಯಿ ಖುಷಿಯಾಗಿ ತಿನ್ನುತ್ತದೆ, ನಿಧಾನವಾಗಿ ಸೊರಗುತ್ತದೆ.

ಜೊತೆಗೆ ಯಾವ ವಯಸ್ಸಿಗೆ ಎಂದು ನೋಡಿ. ಮರಿಗೆ ಬೇರೆ, ದೊಡ್ಡ ನಾಯಿಗೆ ಬೇರೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಆ ತೂಕ ಬೇಯಿಸುವ ಮುಂಚಿನದು. ಹಸಿ ಕೋಳಿಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದು ಪಟ್ಟಿಯಲ್ಲಿ ಮೇಲೆ ಬಂದುಬಿಡುತ್ತದೆ. ಹಾಗಾಗಿ ಮೊದಲ ಹೆಸರು ನೋಡಿ ಮರುಳಾಗಬೇಡಿ. ಮೊದಲ ನಾಲ್ಕೈದನ್ನು ಒಟ್ಟಿಗೆ ಓದಿ.

ನಾಯಿ, ಬೆಕ್ಕಿನ ಆಹಾರಕ್ಕೆ ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 11968 ಎಂಬ ಮಾನದಂಡವಿದೆ. ಅನೇಕ ಕಂಪನಿಗಳು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಎಎಎಫ್‌ಸಿಒದ ಮಟ್ಟಗಳನ್ನೂ ಪ್ಯಾಕೆಟ್ ಮೇಲೆ ಹೇಳಿಕೊಳ್ಳುತ್ತವೆ. ಆ ಲೆಕ್ಕದಲ್ಲಿ ದೊಡ್ಡ ನಾಯಿಯ ಆಹಾರದಲ್ಲಿ ಕನಿಷ್ಠ 18 ಶೇಕಡಾ, ಮರಿಯ ಆಹಾರದಲ್ಲಿ ಕನಿಷ್ಠ 22.5 ಶೇಕಡಾ ಪ್ರೋಟೀನ್ ಇರಬೇಕು. ಆದರೆ ಇದು ನೀರನ್ನು ತೆಗೆದು ಉಳಿದ ಒಣ ಭಾಗದ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ.

2. ನೀರು ಕಳೆದು ಲೆಕ್ಕ ಹಾಕಿ

ಒಂದು ಚೀಲದ ಮೇಲೆ ಪ್ರೋಟೀನ್ 22 ಶೇಕಡಾ, ಒಂದು ಪೌಚಿನ ಮೇಲೆ 8 ಶೇಕಡಾ ಎಂದಿದೆ ಅಂದುಕೊಳ್ಳಿ. ಪೌಚಿನಲ್ಲಿ ಸತ್ವವೇ ಇಲ್ಲ ಅನ್ನಿಸುತ್ತದೆ ಅಲ್ವಾ? ಪಕ್ಕದಲ್ಲೇ ‘ಮಾಯಿಶ್ಚರ್’ ಅಂತ ಇರುತ್ತದೆ, ಅಂದರೆ ತೇವಾಂಶ. ಡ್ರೈ ಫುಡ್ಡಿನಲ್ಲಿ ಅದು 10 ಶೇಕಡಾ ಆಸುಪಾಸು. ಗ್ರೇವಿಯಲ್ಲಿ 75ರಿಂದ 85ರವರೆಗೂ ಹೋಗುತ್ತದೆ.

ನೂರರಿಂದ ತೇವಾಂಶ ಕಳೆಯಿರಿ. ಬಂದ ಸಂಖ್ಯೆಯಿಂದ ಪ್ರೋಟೀನನ್ನು ಭಾಗಿಸಿ ನೂರರಿಂದ ಗುಣಿಸಿ. ಚೀಲದ್ದು 22ನ್ನು 90ರಿಂದ ಭಾಗಿಸಿದರೆ ಸುಮಾರು 24 ಶೇಕಡಾ. ಪೌಚಿನಲ್ಲಿ ತೇವಾಂಶ 82 ಇದ್ದರೆ ಒಣ ಭಾಗ ಬರೀ 18. ಎಂಟನ್ನು ಹದಿನೆಂಟರಿಂದ ಭಾಗಿಸಿದರೆ 44 ಶೇಕಡಾ! ಲೆಕ್ಕ ಪೂರ್ತಿ ತಲೆಕೆಳಗಾಯಿತು. ಕೊಬ್ಬಿನಂಶಕ್ಕೂ ಇದೇ ಲೆಕ್ಕ ಮಾಡಿ. ಪೌಚಿನ ಮೇಲೆ ಕೊಬ್ಬು 4 ಶೇಕಡಾ ಎಂದಿದ್ದರೆ ಒಣ ಲೆಕ್ಕದಲ್ಲಿ ಅದು 22. ಹಿಂದೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಉರಿಯೂತ ಬಂದ ನಾಯಿಗೆ ಇದು ಅಪಾಯ.

ಹಾಗಾದರೆ ಪೌಚೇ ಮೇಲು ಅನ್ನಬೇಡಿ. ಸಾರಿನ ಪುಡಿ ಕೊಳ್ಳುವುದಕ್ಕೂ ಮಾಡಿಟ್ಟ ಸಾರು ಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಪೌಚಿನಲ್ಲಿ ನೀವು ನೀರಿಗೂ ದುಡ್ಡು ಕೊಡುತ್ತಿದ್ದೀರಿ. ಎಷ್ಟು ಎನ್ನುವುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

3. ದಿನಕ್ಕೆ ಎಷ್ಟು ಬೇಕು, ಎಷ್ಟು ಖರ್ಚು

ಪಶುವೈದ್ಯರು ಬಳಸುವ ಒಂದು ಸೂತ್ರವಿದೆ. ನಾಯಿಯ ತೂಕವನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ. ಆಮೇಲೆ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಬಂದದ್ದನ್ನು 70ರಿಂದ ಗುಣಿಸಿ. ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದ ಕ್ಯಾಲೊರಿ ಇದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ, ಸಾಧಾರಣವಾಗಿ ಓಡಾಡುವ ದೊಡ್ಡ ನಾಯಿಗೆ ಇದರ 1.6 ಪಟ್ಟು ಎಂದು ಶುರುಮಾಡಬಹುದು.

20 ಕಿಲೋ ನಾಯಿ ತೆಗೆದುಕೊಳ್ಳೋಣ. 20×20×20 ಮಾಡಿದರೆ 8000. ವರ್ಗಮೂಲ ಎರಡು ಸಲ ತೆಗೆದರೆ 9.46. ಎಪ್ಪತ್ತರಿಂದ ಗುಣಿಸಿದರೆ 662, ಅದರ 1.6 ಪಟ್ಟು ಸುಮಾರು 1060 ಕ್ಯಾಲೊರಿ.

ಡ್ರೈ ಫುಡ್ ಸಾಮಾನ್ಯವಾಗಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಕೊಡುತ್ತದೆ. 360 ಎಂದು ಹಿಡಿದರೆ ದಿನಕ್ಕೆ 295 ಗ್ರಾಂ ಸಾಕು. ಕಿಲೋಗೆ 300 ರೂಪಾಯಿ ಎಂದಿಟ್ಟುಕೊಂಡರೆ 90 ರೂಪಾಯಿಯೊಳಗೆ ಮುಗಿಯಿತು. ಈಗ ಪೌಚಿಗೆ ಬನ್ನಿ. 80 ಗ್ರಾಂ ಪೌಚೊಂದರಲ್ಲಿ 70 ಕ್ಯಾಲೊರಿ ಇದೆ ಎನ್ನೋಣ. 1060 ತುಂಬಿಸಲು 15 ಪೌಚ್ ಬೇಕು. ಒಂದಕ್ಕೆ 40 ರೂಪಾಯಿಯಾದರೆ ದಿನಕ್ಕೆ 600 ರೂಪಾಯಿ! ಬೆಲೆಗಳು ಅಂಗಡಿಯಿಂದ ಅಂಗಡಿಗೆ ಬೇರೆ ಇರಬಹುದು. ನಿಮ್ಮ ಕೈಲಿರುವ ಪ್ಯಾಕೆಟ್ಟಿನ ಸಂಖ್ಯೆ ಹಾಕಿ ನೋಡಿ, ಅಂತರ ಮಾತ್ರ ಹೆಚ್ಚುಕಮ್ಮಿ ಹೀಗೇ ಬರುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಆರೋಗ್ಯವಾಗಿರುವ ನಾಯಿಗೆ ಡ್ರೈ ಫುಡ್ಡೇ ಮುಖ್ಯ ಊಟವಾಗಲಿ. ರುಚಿಗೆ ಮೇಲೆ ಗ್ರೇವಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಹಾಕಿದಷ್ಟನ್ನು ಕಳೆಯಿರಿ. ‘ಕಂಪ್ಲೀಟ್’ ಎಂದಿರುವ ಎರಡು ಪೌಚ್ ಹಾಕಿದರೆ 140 ಕ್ಯಾಲೊರಿ, ಅಂದರೆ 40 ಗ್ರಾಂ ಡ್ರೈ ಫುಡ್ ತೆಗೆಯಿರಿ. ‘ಕಾಂಪ್ಲಿಮೆಂಟರಿ’ ಆದರೆ ಬಿಸ್ಕತ್ತು, ತಿಂಡಿ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ಮೀರಬಾರದು. ನಮ್ಮ 20 ಕಿಲೋ ನಾಯಿಗೆ ಒಂದೇ ಪೌಚ್.

ಅಳೆಯಲು ಲೋಟ ಬಳಸಬೇಡಿ. ಒಂದೊಂದು ಕಂಪನಿಯ ಕಾಳಿನ ಗಾತ್ರ ಒಂದೊಂದು ಥರ. ಅಡುಗೆಮನೆಯ ತಕ್ಕಡಿ ಒಂದಿದ್ದರೆ ಒಳ್ಳೆಯದು. ಸೂತ್ರವೂ ದೇವರ ವಾಕ್ಯವಲ್ಲ. ಹದಿನೈದು ದಿನಕ್ಕೊಮ್ಮೆ ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಎಲುಬು ಕಾಣಬಾರದು, ಆದರೆ ಒತ್ತದೆಯೇ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ. ಮುಧೋಳ ನಾಯಿ ಸಾಕಿದವರಿಗೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಅದು ಹುಟ್ಟಾ ಸಣಕಲು, ಕೊನೆಯ ಎಲುಬುಗಳು ಕಂಡರೂ ಚಿಂತೆಯಿಲ್ಲ. ಅಕ್ಕಪಕ್ಕದವರು "ಊಟ ಹಾಕಲ್ವಾ?" ಅಂದರೆ ನಕ್ಕು ಸುಮ್ಮನಾಗಿ.

4. ಯಾವ ನಾಯಿಗೆ ಯಾವುದು

ಹಲ್ಲು ಉದುರಿದ ಮುದಿ ನಾಯಿ, ಹುಷಾರಿಲ್ಲದೆ ಊಟ ಬಿಟ್ಟ ನಾಯಿ, ಎಷ್ಟು ಇಟ್ಟರೂ ನೀರು ಕುಡಿಯದ ನಾಯಿ, ಇವಕ್ಕೆ ಗ್ರೇವಿ ನಿಜಕ್ಕೂ ಉಪಕಾರಿ. ಮೂತ್ರಕೋಶದಲ್ಲಿ ಕಲ್ಲು ಬರುವ ನಾಯಿಗೂ ಅಷ್ಟೇ. ಊಟದಲ್ಲೇ ನೀರು ಹೋದರೆ ಮೂತ್ರ ತೆಳುವಾಗುತ್ತದೆ, ಕಲ್ಲು ಕಟ್ಟುವುದು ಕಡಿಮೆ. ಆದರೆ ಮೂತ್ರಪಿಂಡ, ಕಲ್ಲು, ಸಕ್ಕರೆ ಕಾಯಿಲೆ ಇರುವ ನಾಯಿಗೆ ಅಂಗಡಿಯವರ ಸಲಹೆಯಲ್ಲ, ಪಶುವೈದ್ಯರ ಚೀಟಿ ಬೇಕು. ಅಂಥವಕ್ಕೆಂದೇ ಮಾಡಿದ ಬೇರೆ ಆಹಾರಗಳಿವೆ, ಡ್ರೈ ಮತ್ತು ಗ್ರೇವಿ ಎರಡರಲ್ಲೂ.

ದಪ್ಪಗಾದ ಪಗ್, ಲ್ಯಾಬ್ರಡಾರ್‌ಗಳಿಗೂ ಗ್ರೇವಿ ಕೆಲಸಕ್ಕೆ ಬರುತ್ತದೆ. ನೀರು ಜಾಸ್ತಿ ಇರುವುದರಿಂದ ಕಡಿಮೆ ಕ್ಯಾಲೊರಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ದುಡ್ಡು ಉಳಿಸಬೇಕೆಂದರೆ ಡ್ರೈ ಫುಡ್ಡಿಗೇ ಬೆಚ್ಚಗಿನ ನೀರು ಹಾಕಿ. ಹಾಲು ಬೇಡ. ದೊಡ್ಡವಾದ ಮೇಲೆ ಬಹಳಷ್ಟು ನಾಯಿಗಳಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಹಾಲು ಬಿಡಿಸುತ್ತಿರುವ ಮರಿಗಳಿಗೂ ಹೀಗೆ ನೆನೆಸಿದ ಮರಿ ಆಹಾರವೇ ಸರಿ. ಮರಿಗೆ ‘ಕಂಪ್ಲೀಟ್’ ಆಹಾರ ಕೊಡುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳ ಮರಿಗಳಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಬೆಳವಣಿಗೆಯೇ ಕೆಡುತ್ತದೆ.

ಗಟ್ಟಿ ಕಾಳು ಕಡಿದರೆ ಹಲ್ಲು ತಾನಾಗಿ ಶುಚಿಯಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಮಾಮೂಲಿ ಡ್ರೈ ಫುಡ್‌ನಿಂದ ಅಂಥ ಲಾಭವೇನಿಲ್ಲ. ಹಲ್ಲಿಗೆ ಬ್ರಷ್ಷೇ ಬೇಕು, ನಾಯಿಯದ್ದೇ ಪೇಸ್ಟ್ ಬೇಕು.

ಮಾಂಸ ಒಳಗೆ ತರದ ಮನೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಅಂಥವರಿಗೆ ಸಸ್ಯಾಹಾರಿ ಡ್ರೈ ಫುಡ್ ಕೂಡ ಸಿಗುತ್ತದೆ. ‘ಕಂಪ್ಲೀಟ್’ ಎಂದಿದ್ದರೆ ನಾಯಿ ಅದರಲ್ಲಿ ಚೆನ್ನಾಗಿಯೇ ಬದುಕುತ್ತದೆ. ಬೆಕ್ಕಿಗೆ ಮಾತ್ರ ಈ ಪ್ರಯೋಗ ಮಾಡಬೇಡಿ.

ಇನ್ನು ಮಂಡ್ಯ ಕಡೆಯ ತೋಟದ ಮನೆಗಳಲ್ಲಿ ನಾಯಿಗೆ ಮುದ್ದೆ, ಅನ್ನ, ಮೊಸರು ಹಾಕುವುದು ಹಿಂದಿನಿಂದ ಬಂದ ರೂಢಿ. ಡ್ರೈ ಫುಡ್ ಜೊತೆ ಒಂದು ಹಿಡಿ ಅನ್ನ, ಒಂದು ತುಣುಕು ಮುದ್ದೆ ಬೆರೆಸಿದರೆ ತೊಂದರೆಯಿಲ್ಲ. ಅರ್ಧಕ್ಕರ್ಧ ಅನ್ನ ಬೆರೆಸಿದರೆ ಮಾತ್ರ ಕಂಪನಿಯವರು ಲೆಕ್ಕ ಹಾಕಿ ಸೇರಿಸಿದ ಪೋಷಕಾಂಶಗಳ ಅಳತೆ ಕೆಟ್ಟುಹೋಗುತ್ತದೆ. ಉಳಿದ ಸಾರು ಸುರಿಯುವುದಂತೂ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬಾಡೂಟದ ಬೆಂದ ಮೂಳೆಯೂ ಬೇಡ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

5. ಮನೆಯಲ್ಲಿ ಇಡುವುದು ಹೇಗೆ

20 ಕಿಲೋ ಚೀಲದಲ್ಲಿ ಕಿಲೋ ಲೆಕ್ಕಕ್ಕೆ ಅಗ್ಗ, ಸರಿ. ಆದರೆ 10 ಕಿಲೋ ನಾಯಿ ದಿನಕ್ಕೆ 175 ಗ್ರಾಂ ತಿಂದರೆ ಆ ಚೀಲ ಹತ್ತಿರಹತ್ತಿರ ನಾಲ್ಕು ತಿಂಗಳು ಬರುತ್ತದೆ. ಬಾಯಿ ಬಿಚ್ಚಿದ ಚೀಲದ ಕೊಬ್ಬು ಗಾಳಿಗೆ ಕಮಟು ಹಿಡಿಯುತ್ತದೆ. ಆರು ವಾರದೊಳಗೆ ಮುಗಿಯುವಷ್ಟೇ ಕೊಳ್ಳಿ, ಈ ನಾಯಿಗೆ ಏಳು ಕಿಲೋ. ಬೀದಿ ನಾಯಿಗಳಿಗೆ ಹಾಕುವವರಿಗೆ ದೊಡ್ಡ ಚೀಲವೇ ಲಾಭ, ಅದು ಬೇಗ ಖಾಲಿಯಾಗುತ್ತದೆ.

ಕೆಲವು ಅಂಗಡಿಗಳಲ್ಲಿ ಚೀಲ ಬಿಚ್ಚಿಟ್ಟು ಲೂಸ್ ಆಗಿ ತೂಗಿ ಕೊಡುತ್ತಾರೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಚ್ ನಂಬರ್ ಇಲ್ಲ, ಮುಗಿಯುವ ದಿನಾಂಕ ಇಲ್ಲ, ಎಷ್ಟು ದಿನದಿಂದ ಬಾಯಿ ತೆರೆದಿದೆಯೋ ದೇವರಿಗೇ ಗೊತ್ತು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಅದು ಲಿವರನ್ನು ಹಾಳು ಮಾಡುತ್ತದೆ. ಬಿಸಿ ಮಾಡಿದರೂ, ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ.

ಚೀಲದಿಂದ ಡಬ್ಬಕ್ಕೆ ಸುರಿಯುವ ಬದಲು ಚೀಲವನ್ನೇ ಬಾಯಿ ಸುತ್ತಿ ಡಬ್ಬದೊಳಗೆ ಇಡಿ. ದಿನಾಂಕ, ಬ್ಯಾಚ್ ನಂಬರ್ ಕೈಗೆ ಸಿಗುತ್ತವೆ, ಹಳೆಯ ಜಿಡ್ಡಿನ ಮೇಲೆ ಹೊಸ ಕಾಳು ಬೀಳುವುದೂ ತಪ್ಪುತ್ತದೆ. ಇರುವೆ ಕಾಟಕ್ಕೆ ಊಟದ ಬಟ್ಟಲನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟರಾಯಿತು.

ಬಿಚ್ಚಿದ ಪೌಚು ಉಳಿದರೆ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಕೊಡುವ ಮುಂಚೆ ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಣ್ಣಗಿರುವುದಿಲ್ಲ, ವಾಸನೆಯೂ ಏಳುತ್ತದೆ. ನಾಯಿಗೆ ರುಚಿಗಿಂತ ವಾಸನೆ ಮುಖ್ಯ. ಬಟ್ಟಲಿನಲ್ಲಿ ಬಿಟ್ಟ ಗ್ರೇವಿ ಅಥವಾ ನೆನೆಸಿದ ಕಾಳನ್ನು ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಒಣ ಕಾಳು ಕೊಟ್ಟಾಗ ಪಕ್ಕದಲ್ಲಿ ನೀರು ಇರಲೇಬೇಕು. ಊಟದ ತೇವವೂ ಸೇರಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

6. ಬದಲಾಯಿಸುವುದು ನಿಧಾನವಾಗಿ

ಒಂದರಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರಬೇಡಿ. ಮೊದಲ ಎರಡು ಮೂರು ದಿನ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೀಗೆ ಒಂದು ವಾರ, ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಿ. ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಹೋಗಿ ಎರಡು ದಿನ ನಿಲ್ಲಿ. ಗ್ರೇವಿ ರುಚಿ ಕಂಡ ನಾಯಿ ಒಣ ಕಾಳನ್ನು ಮೂಸಿ ಮುಖ ತಿರುಗಿಸುವುದುಂಟು. ಇಪ್ಪತ್ತು ನಿಮಿಷ ನೋಡಿ ಬಟ್ಟಲು ಎತ್ತಿಡಿ, ಮುಂದಿನ ಹೊತ್ತಿಗೆ ಮತ್ತೆ ಕೊಡಿ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ. ಮರಿಗಳ ಜೊತೆ ಈ ಹಟ ಬೇಡ.

ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಕಣ್ಣು ಅಥವಾ ವಸಡು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ಆಹಾರ ನಿಲ್ಲಿಸಿ ಅವತ್ತೇ ಪಶು ಆಸ್ಪತ್ರೆಗೆ ಹೋಗಿ. ಹೋಗುವಾಗ ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಿರಿ. ಡಾಕ್ಟರ್ ಮೊದಲು ಕೇಳುವುದೇ ಏನು ತಿಂದಿದೆ, ಎಷ್ಟು ತಿಂದಿದೆ, ಯಾವಾಗಿಂದ ಎಂದು.